ಟೀ ಶರ್ಟಿನ ಎದೆಯ ಮೇಲೆ ಎಷ್ಟು ಅಕ್ಷರ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊನೊಗ್ರಾಂ ಬಗ್ಗೆಯೇ ಇವೆ. ಹೆಸರಿನ ಮೊದಲಕ್ಷರಗಳನ್ನು ಚೆಂದವಾಗಿ ಹೆಣೆದು ಬಟ್ಟೆಗೆ ಹಾಕುವುದು. ಮೈಸೂರು ಶಿವರಾಂಪೇಟೆಯ ನನ್ನ ಎರಡು ಮೆಷಿನ್ನಿನ ಅಂಗಡಿಯಲ್ಲೂ ಈಗ ಅದೇ ಗಲಾಟೆ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ಮಂಡ್ಯದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಹೊಸದಾಗಿ ಒಂದೇ ಸೂಜಿಯ ಕಂಪ್ಯೂಟರ್ ಎಂಬ್ರಾಯಿಡರಿ ಮೆಷಿನ್ ತಗೊಂಡೆ. ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮ ಹುಡುಗರ ಅಂಗಿಗೆ ಮೂರಕ್ಷರದ ಮೊನೊಗ್ರಾಂ ಕೇಳಿದ್ದಾರೆ. ನೆಟ್‌ನಲ್ಲಿ ಕೊಂಡ ಡಿಸೈನಿನಲ್ಲಿ ನಡುವಿನ ಅಕ್ಷರ ದೊಡ್ಡದು. ಅವರ ಹೆಸರಿಗೆ ಅದು ಹೊಂದುತ್ತಿಲ್ಲ. ಕನ್ನಡದಲ್ಲೇ ಹಾಕಬಹುದೇ?

ಹೊಂದುವುದಿಲ್ಲ, ಯಾಕೆಂದರೆ ಆ ಡಿಸೈನ್ ಮಾಡಿದ್ದು ನಮ್ಮ ಹೆಸರಿಗಲ್ಲ. ಅಮೆರಿಕದ ಕಡೆ ಮನೆತನದ ಹೆಸರಿನ ಅಕ್ಷರ ನಡುವೆ ದೊಡ್ಡದಾಗಿ ಕೂರುತ್ತದೆ. ಎಡಕ್ಕೆ ಸ್ವಂತ ಹೆಸರು, ಬಲಕ್ಕೆ ನಡುವಿನ ಹೆಸರು. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಹಾಗೇ ತುಂಬಿಸಿದರೆ ಅಪ್ಪನ ಅಕ್ಷರ ಎದೆ ತುಂಬ, ದುಡ್ಡು ಕೊಟ್ಟ ಯಜಮಾನರದ್ದು ಮೂಲೆಯಲ್ಲಿ. ಒಬ್ಬರು ನನ್ನ ಹತ್ತಿರ ಇದೇ ಕಾರಣಕ್ಕೆ ಆರ್ಡರ್ ವಾಪಸ್ ತಗೊಂಡು ಹೋಗಿದ್ದಾರೆ.

ಕನ್ನಡದಲ್ಲಿ ಹಾಕಿ. ಧೈರ್ಯವಾಗಿ ಹಾಕಿ. ನಿಮ್ಮ ಜಿಲ್ಲೆಯ ಮೇಲುಕೋಟೆಯವರೇ ಇದ್ದಾರಲ್ಲ, ಪುರೋಹಿತ ತಿರುನಾರಾಯಣ ನರಸಿಂಹಾಚಾರ್, ಪು.ತಿ.ನ. ಆದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಮೂರೂ ಅಕ್ಷರ ಒಂದೇ ಅಳತೆ, ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ. ಇದಕ್ಕಿಂತ ಒಳ್ಳೆಯ ಮೊನೊಗ್ರಾಂ ನಾನು ನೋಡಿಲ್ಲ. ಬೆಲ್ಲದ ಯಜಮಾನರಿಗೆ ಅವರ ಹೆಸರನ್ನು ಹೀಗೇ ಒಂದು ಕಾಗದದ ಮೇಲೆ ಬರೆದು ತೋರಿಸಿ. ಇಂಗ್ಲಿಷ್ ಅಕ್ಷರ ಮರೆತುಬಿಡುತ್ತಾರೆ.

ಕಷ್ಟ ಇರುವುದು ಪಂಚಿಂಗ್‌ನಲ್ಲಿ. ಚಿತ್ರವನ್ನು ಹೊಲಿಗೆಯ ಫೈಲ್ ಮಾಡುವ ಕೆಲಸಕ್ಕೆ ನಮ್ಮ ಕಡೆ ಪಂಚಿಂಗ್ ಅನ್ನುತ್ತೇವೆ. ಹೊಲಿಗೆ ಅಕ್ಷರದ ಗೆರೆಯ ಅಡ್ಡಕ್ಕೆ ಬಟ್ಟೆಯನ್ನು ಒಳಗೆ ಎಳೆಯುತ್ತದೆ, ಗೆರೆಯ ಉದ್ದಕ್ಕೆ ಹೊರಗೆ ತಳ್ಳುತ್ತದೆ. ಇಂಗ್ಲಿಷಿನ ನೆಟ್ಟಗಿನ ಅಕ್ಷರಕ್ಕೆ ಇದು ಹೇಗೋ ನಡೆಯುತ್ತದೆ. ನಮ್ಮದು ಪೂರ್ತಿ ಗುಂಡು, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಒಮ್ಮೆ ಅಡುಗೆ ಕಂಟ್ರಾಕ್ಟರ್ ಒಬ್ಬರ ಮೂವತ್ತು ಏಪ್ರನ್‌ಗೆ 'ಪ' ಹಾಕಿದೆ. ಅಂಗುಲದ ಕಾಲು ಭಾಗ ಎತ್ತರ, ಮುದ್ದಾಗಿ ಕಾಣಲಿ ಅಂತ. ಮೇಲಿನ ಸಂದು ದಾರದಲ್ಲಿ ಮುಚ್ಚಿಹೋಗಿ ಮೂವತ್ತೂ 'ವ' ಆಗಿದ್ದವು. ತಪ್ಪು ನನ್ನದೇ. ಒಂದನ್ನೂ ಮೊದಲು ಹಳೇ ಬಟ್ಟೆ ಮೇಲೆ ಹಾಕಿ ನೋಡಿರಲಿಲ್ಲ. ಆ ಏಪ್ರನ್‌ಗಳಲ್ಲಿ ಎರಡು ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿವೆ.

ಈಗ ನಾನು ಒತ್ತಿಲ್ಲದ ಅಕ್ಷರವನ್ನು 12 ಮಿಲಿಮೀಟರಿಗಿಂತ ಚಿಕ್ಕದು ಮಾಡುವುದಿಲ್ಲ. 'ಶ್ರೀ', 'ಕೃ' ಥರ ಕೆಳಗೆ ಒತ್ತೋ ವಟ್ರಸುಳಿಯೋ ಇದ್ದರೆ 20ಕ್ಕೆ ಹೋಗುತ್ತೇನೆ. ಫೈಲ್‌ನಲ್ಲಿ ಸಂದುಗಳನ್ನು ಬೇಕೆಂದೇ ಅಗಲ ಬಿಡಿಸುತ್ತೇನೆ. ಪರದೆಯ ಮೇಲೆ ವಿಕಾರವಾಗಿ ಕಾಣುತ್ತದೆ, ಬಟ್ಟೆ ಮೇಲೆ ಸರಿಹೋಗುತ್ತದೆ. ಹಾಗೇ ಅಕ್ಷರದ ಗೆರೆ 8 ಮಿಲಿಮೀಟರಿಗಿಂತ ದಪ್ಪ ಬೇಡ. ದಾರ ಉದ್ದ ಆಗಿ ಬಳೆಗೆ, ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಸುತ್ತ ಬಳ್ಳಿ ಬೇಕು, ಹೂವು ಬೇಕು ಅಂತ ಗಿರಾಕಿ ಕೇಳೇ ಕೇಳುತ್ತಾರೆ. ಒಂದು ಬಳ್ಳಿ ಸಾಕು ಅನ್ನಿ. ನಮ್ಮ ಅಕ್ಷರವೇ ಬಳ್ಳಿ, ಅಲ್ವಾ?

ಶ್ರೀರಂಗಪಟ್ಟಣದಲ್ಲಿ ಹೋಂಸ್ಟೇ ನಡೆಸುತ್ತೇವೆ. ಕೆಲಸದವರ ಟೀ ಶರ್ಟಿಗೆ ಮೊನೊಗ್ರಾಂ ಹಾಕಿಸಿದೆವು. ಒಂದು ಒಗೆತಕ್ಕೆ ಸುತ್ತ ಬಟ್ಟೆ ಸುಕ್ಕಾಗಿ ಹಪ್ಪಳದಂತಾಯಿತು. ದಾರದ ದೋಷವೇ?

ದಾರ ಪಾಪದ್ದು. ಒಂದು ಶರ್ಟನ್ನು ಒಳಮಗ್ಗುಲು ಮಾಡಿ ನೋಡಿ. ಹಿಂದೆ ಹೊಲಿಗೆಗೆ ಆಧಾರವಾಗಿ ಇಡುವ ಬಿಳಿ ಪೇಪರ್ ಥರದ್ದು ಚೂರೂ ಇಲ್ಲದಿದ್ದರೆ ಕಾರಣ ಅಲ್ಲೇ ಇದೆ. ಟೀ ಶರ್ಟ್ ಹೆಣೆದ ಬಟ್ಟೆ, ಎಳೆದರೆ ಹಿಗ್ಗುತ್ತದೆ. ಅದಕ್ಕೆ ಹರಿದು ತೆಗೆಯುವ ಪೇಪರ್ ಸಾಲದು, ಕತ್ತರಿಸಿ ಅಲ್ಲೇ ಉಳಿಸುವ ಕಟ್‌ಅವೇ ಬೇಕು. ಹರಿದು ತೆಗೆಯುವುದು ನೇಯ್ದ ಬಟ್ಟೆಗೆ, ಅಂದರೆ ಷರ್ಟು, ಕೈಚೀಲಕ್ಕೆ. ಎರಡನೆಯ ತಪ್ಪು ಬಟ್ಟೆ, ಪೇಪರ್ ಹಿಡಿದಿಡುವ ರಿಂಗ್ ಹಾಕುವಾಗ ಆಗುತ್ತದೆ. ತಮಟೆಯಂತೆ ಬಿಗಿ ಇರಬೇಕು ಅಂತ ಟೀ ಶರ್ಟನ್ನು ಎಳೆದು ಕೂರಿಸುತ್ತಾರೆ. ಬಿಗಿ ಇರಬೇಕಾದ್ದು ಪೇಪರ್. ಬಟ್ಟೆ ಸುಮ್ನೆ ಅದರ ಮೇಲೆ ಮಲಗಿರಬೇಕು. ಸೂಜಿ 75ರ ಬಾಲ್‌ಪಾಯಿಂಟ್ ಇರಲಿ. ಚೂಪು ಸೂಜಿ ಎಳೆಯನ್ನು ಕತ್ತರಿಸುತ್ತದೆ, ಗುಂಡು ಮೊನೆ ಪಕ್ಕಕ್ಕೆ ಸರಿಸಿ ಹೋಗುತ್ತದೆ.

ಹಾಳಾದ ಶರ್ಟುಗಳನ್ನು ಬಿಚ್ಚಲು ಹೋಗಬೇಡಿ, ತೂತು ಉಳಿಯುತ್ತದೆ. ಮಲಗಲು ಹಾಕಿಕೊಳ್ಳಿ. ಇನ್ನು ಮುಂದೆ ಪಾಲಿಯೆಸ್ಟರ್ ದಾರವನ್ನೇ ಕೇಳಿ. ರೇಯಾನ್ ಹೊಳಪು ಜಾಸ್ತಿ, ಆದರೆ ಹೋಂಸ್ಟೇಯಲ್ಲಿ ಬ್ಲೀಚ್ ಹಾಕದೆ ಒಗೆಯುವವರು ಯಾರು?

ಕುವೆಂಪುನಗರದಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ನೆಟ್‌ನಲ್ಲಿ ಉಚಿತವಾಗಿ ಸಿಕ್ಕ ಡಿಸೈನಿಗೆ ಗಂಡಭೇರುಂಡ ಸೇರಿಸಿ ಏಪ್ರನ್ ಮಾಡಿಸಿ ಮಾರಬಹುದೇ?

ಉಚಿತ ಅಂದರೆ ವ್ಯಾಪಾರಕ್ಕೂ ಉಚಿತ ಅಂತಲ್ಲ. ಡಿಸೈನ್ ಜೊತೆ ಬರುವ ಷರತ್ತು ಓದಿ. 'ಸ್ವಂತ ಬಳಕೆಗೆ ಮಾತ್ರ' ಅಂತಿದ್ದರೆ ಮಾರುವಂತಿಲ್ಲ. ಹೊಲಿದ ಬಟ್ಟೆ ಮಾರಬಹುದು, ಫೈಲ್ ಮಾತ್ರ ಯಾರಿಗೂ ಕೊಡಕೂಡದು ಅಂತಲೂ ಕೆಲವರು ಬರೆದಿರುತ್ತಾರೆ. ಆ ಪುಟವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಗಂಡಭೇರುಂಡ ಹಕ್ಕಿ ಒಬ್ಬರ ಸೊತ್ತಲ್ಲ. ಹಳೇ ಗುಡಿಗಳಲ್ಲೂ ಇದೆ. ಆದರೆ ಎರಡು ಪಕ್ಕ ಆನೆಮುಖದ ಸಿಂಹ, ಮೇಲೆ ಅಶೋಕನ ಸಿಂಹ ಸೇರಿತೋ, ಅದು ರಾಜ್ಯ ಸರ್ಕಾರದ ಲಾಂಛನ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಕೇಕ್ ಏಪ್ರನ್ ಮೇಲೆ ಎರಡು ತಲೆಯ ಹಕ್ಕಿ ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ, ಅದು ಬೇರೆ ಮಾತು.

ಮಗಳ ಮದುವೆಗೆ ಮೈಸೂರು ಸಿಲ್ಕ್ ಸೀರೆಯ ಸೆರಗಿಗೆ ವಧು-ವರರ ಅಕ್ಷರ ಹಾಕಿಸಬೇಕು. ಸರಸ್ವತಿಪುರಂನ ಹತ್ತಿರ ಯಾರು ಮಾಡುತ್ತಾರೆ?

ಮಾಡುವವರು ಇದ್ದಾರೆ, ನಾನೂ ಮಾಡಬಲ್ಲೆ. ಆದರೆ ಬೇಡ ಅನ್ನುತ್ತೇನೆ. ಅದು ಹುರಿ ಹಾಕಿದ ರೇಷ್ಮೆಯ ಕ್ರೇಪ್. ಜಾರುತ್ತದೆ, ರಿಂಗಿನ ಗುರುತು ಬೀಳುತ್ತದೆ, ಸೂಜಿ ತಪ್ಪಿದರೆ ತೂತು ಮುಚ್ಚುವುದಿಲ್ಲ. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಸೀರೆಯಲ್ಲಿ ಅವರೇ ಕಸೂತಿಯಲ್ಲಿ ಹಾಕಿದ ಕೋಡ್ ನಂಬರ್ ಇರುತ್ತದೆ, ಆ ಸೀರೆಗೆ ಅಷ್ಟು ಅಕ್ಷರ ಸಾಕು. ರವಿಕೆಯ ಬೆನ್ನಿಗೆ ಹಾಕಿಸಿ, ಇಲ್ಲವೇ ತೆಳು ಆರ್ಗೆನ್ಜಾ ತುಂಡಿನ ಮೇಲೆ ಹೊಲಿಸಿ ಸೆರಗಿನ ಒಳಗೆ ಕೈಹೊಲಿಗೆ ಹಾಕಿ. ತಾಂಬೂಲದ ಚೀಲಗಳಿಗೆ ಅಕ್ಷರ ಹಾಕಿಸುವ ಯೋಚನೆ ಇದ್ದರೆ ಈಗಲೇ ಹೇಳಿ. ಕಾಟನ್ ಚೀಲದಷ್ಟು ಹೇಳಿದ ಮಾತು ಕೇಳುವ ಬಟ್ಟೆ ಇನ್ನೊಂದಿಲ್ಲ.

ಮದ್ದೂರಿನವಳು. ನಲವತ್ತು ಷರ್ಟಿನ ಆರ್ಡರ್ ಬಂದಿದೆ. ರೇಟ್ ಹೇಗೆ ಹೇಳಲಿ?

ಪಕ್ಕದ ಅಂಗಡಿ ರೇಟ್ ಕೇಳಬೇಡಿ, ನಿಮ್ಮ ಗಡಿಯಾರ ಕೇಳಿ. ಡಿಸೈನಿನಲ್ಲಿ 8,000 ಹೊಲಿಗೆ ಇದೆ ಅನ್ನಿ. ಮೆಷಿನ್ ನಿಮಿಷಕ್ಕೆ 600 ಓಡಿದರೆ 13 ನಿಮಿಷ ಚಿಲ್ಲರೆ. ರಿಂಗ್ ಹಾಕಿ, ದಾರ ಬದಲಿಸಿ, ತುದಿ ಕತ್ತರಿಸುವುದಕ್ಕೆ ಇನ್ನೊಂದು ಏಳು. ಗಂಟೆಗೆ ಮೂರೇ ಷರ್ಟು. ನಲವತ್ತಕ್ಕೆ 13 ಗಂಟೆಗೂ ಮೇಲೆ, ಅದೂ ಕರೆಂಟ್ ಹೋಗದಿದ್ದರೆ. ನಿಮ್ಮ ಗಂಟೆಗೆ ಎಷ್ಟು ಬೆಲೆ ಅಂತ ಇಟ್ಟು ಗುಣಿಸಿ, ದಾರ, ಪೇಪರ್ ಸೇರಿಸಿ. ಹಾಳಾಗುವ ಒಂದೆರಡು ಷರ್ಟಿನ ದುಡ್ಡೂ ಇರಲಿ. ಪಂಚಿಂಗ್ ಖರ್ಚು ಬೇರೆ, ಅದನ್ನು ಒಂದೇ ಸಲ, ಮುಂಗಡವಾಗಿ ಬಿಲ್ಲಿನಲ್ಲಿ ಬರೆದು ತಗೊಳ್ಳಿ. ನಾನು ಮೊದಲ ಎರಡು ವರ್ಷ ನಾಚಿಕೆಗೆ ಅದನ್ನು ಕೇಳಲೇ ಇಲ್ಲ.