ಹನಿಮೂನ್‌ನ ಏಳೂ ಊಟ ಬುಕ್ ಆಗಿದೆ, ಬೇಡ ಅಂತ ಹೇಗೆ ಹೇಳಲಿ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಮದುವೆಯಾಗಿ ಎರಡೇ ದಿನಕ್ಕೆ ಒಂದು ದೊಡ್ಡ ನಗರಕ್ಕೆ ಹನಿಮೂನ್ ಹೊರಡುತ್ತೇವೆ. ನಾಲ್ಕು ರಾತ್ರಿ ಅಷ್ಟೇ, ಇಬ್ಬರಿಗೂ ಅದಕ್ಕಿಂತ ಜಾಸ್ತಿ ರಜೆ ಇಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಸುಮಾರು ಐದು ಗಂಟೆ ಹಿಂದೆ. ನನ್ನ ಹುಡುಗ ಎರಡು ತಿಂಗಳಿಂದ ರಾತ್ರಿಯೆಲ್ಲ ರಿವ್ಯೂ ಓದಿ ಏಳು ರೆಸ್ಟೋರೆಂಟ್‌ಗಳಲ್ಲಿ ಟೇಬಲ್ ಬುಕ್ ಮಾಡಿದ್ದಾನೆ. ನಾಲ್ಕು ರಾತ್ರಿಯ ಊಟ, ಮೂರು ಮಧ್ಯಾಹ್ನದ ಊಟ, ಒಂದನ್ನೂ ಬಿಟ್ಟಿಲ್ಲ. ಎರಡು ಕಡೆ ಹತ್ತು ಕೋರ್ಸಿನ ಟೇಸ್ಟಿಂಗ್ ಮೆನು, ಅಂದರೆ ಅಡುಗೆಯವರೇ ಆರಿಸಿ ಒಂದಾದ ಮೇಲೊಂದು ತಂದಿಡುವ ಹತ್ತು ಸಣ್ಣ ತಿನಿಸು, ಅದರಲ್ಲಿ ಮೊದಲ ರಾತ್ರಿಯದಕ್ಕೆ ಮಿಶೆಲಿನ್ ಸ್ಟಾರ್ ಬೇರೆ ಇದೆ. ಅವನಿಗೆ ಊಟ ಅಂದ್ರೆ ಪ್ರಾಣ. ನಾನು ಸಸ್ಯಾಹಾರಿ, ತಿನ್ನೋದೂ ಕಮ್ಮಿ. ಅಂಥ ಕಡೆ ಕೂತರೆ ಯಾವ ಚಮಚ ಹಿಡಿಯಬೇಕು ಅನ್ನೋದೇ ಚಿಂತೆ ಆಗುತ್ತದೆ. ಇದಕ್ಕೆ ಅಂತಲೇ ಅವನು ದುಡ್ಡು ಕೂಡಿಟ್ಟಿದ್ದಾನೆ. ಹೇಳುವಾಗ ಅವನ ಮುಖ ಅರಳುತ್ತದೆ. ಬೇಡ ಅಂದರೆ ನೊಂದುಕೊಳ್ಳುತ್ತಾನೆ. ಸುಮ್ಮನಿದ್ದರೆ ನನಗೆ ಈ ಪ್ರವಾಸವೇ ಬೇಡ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ಹೇಳಿಬಿಡಿ. ಈ ವಾರವೇ ಹೇಳಿ. ಮದುವೆಯ ಗಡಿಬಿಡಿ ಮುಗಿಯಲಿ, ವಿಮಾನ ಹತ್ತಿದ ಮೇಲೆ ನೋಡೋಣ ಅಂತ ಮುಂದೂಡಬೇಡಿ. ಆಗ ನೀವೂ ದಣಿದಿರುತ್ತೀರಿ, ಅವರೂ ದಣಿದಿರುತ್ತಾರೆ. ಬುಕಿಂಗ್ ಬದಲಾಯಿಸುವ ಅವಕಾಶವೂ ಕೈ ತಪ್ಪಿರುತ್ತದೆ. ಇವತ್ತು ಹೇಳಿದರೆ ಇದು ಒಂದು ಸಂಜೆ ಕೂತು ಆಡುವ ಮಾತು. ಅಲ್ಲಿ ಹೋಗಿ ಆರನೇ ಕೋರ್ಸ್ ಬರುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರೆ, ಅದು ಅವರಿಗೆ ವರ್ಷಗಟ್ಟಲೆ ನೆನಪಿರುವ ಮಾತಾಗುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮೂರು ಬೇರೆ ಬೇರೆ ವಿಷಯವನ್ನು ಒಂದೇ ಗಂಟಿಗೆ ಕಟ್ಟಿಕೊಂಡು ಒದ್ದಾಡುತ್ತಿದ್ದೀರಿ ಅನ್ನಿಸಿತು. ಏಳು ಊಟ ಜಾಸ್ತಿ ಆಯಿತು ಅನ್ನೋದು ಒಂದು. ಹತ್ತು ಕೋರ್ಸ್ ನಿಮ್ಮ ಹೊಟ್ಟೆಗೆ ಹಿಡಿಸಲ್ಲ ಅನ್ನೋದು ಇನ್ನೊಂದು. ಅಂಥ ಜಾಗಕ್ಕೆ ನಾನು ತಕ್ಕವಳಲ್ಲವೇನೋ ಅನ್ನುವ ಅಳುಕು ಮೂರನೆಯದು. ಮೊದಲ ಎರಡಕ್ಕೆ ಅರ್ಧ ಗಂಟೆಯಲ್ಲಿ ದಾರಿ ಸಿಗುತ್ತದೆ. ಮೂರನೆಯದನ್ನು ನೀವು ಅವರಿಗೆ ಇನ್ನೂ ಹೇಳಿಯೇ ಇಲ್ಲ, ಅಲ್ವಾ? ನಿಜವಾಗಿ ಹೇಳಬೇಕಾದ್ದು ಅದನ್ನೇ. ಅದನ್ನು ಒಳಗೇ ಇಟ್ಟುಕೊಂಡು ಬರೀ 'ಇಷ್ಟೊಂದು ಯಾಕೆ, ಸುಮ್ನೆ ಖರ್ಚು' ಅಂದರೆ, ತಮ್ಮ ಎರಡು ತಿಂಗಳ ಕೆಲಸವನ್ನೇ ನೀವು ತಳ್ಳಿಹಾಕಿದಿರಿ ಅಂತ ಅವರು ತಿಳಿದುಕೊಳ್ಳುತ್ತಾರೆ. ದುಡ್ಡಿನ ಮಾತಿಗೆ ಅವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಕೂಡಿಟ್ಟಿದ್ದೇನೆ ಬಿಡು ಅನ್ನುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಮೊದಲು ಮೈಯ ವಿಚಾರ ನೋಡೋಣ. ಮಾತು ಶುರು ಮಾಡೋದಕ್ಕೆ ಅದೇ ಸುಲಭ. ಅಲ್ಲಿ ರಾತ್ರಿ ಎಂಟೂವರೆ ಆದಾಗ ನಿಮ್ಮ ಮೈಗೆ ಬೆಳಗಿನ ಜಾವ ಸುಮಾರು ಒಂದೂವರೆ. ಮೊದಲ ರಾತ್ರಿ ಮೂರು ಗಂಟೆ ನಡೆಯುವ ಟೇಸ್ಟಿಂಗ್ ಮೆನುಗೆ ಎಂಟೂವರೆಗೆ ಕೂತರೆ, ಏಳುವ ಹೊತ್ತಿಗೆ ನಿಮ್ಮ ಲೆಕ್ಕದಲ್ಲಿ ಬೆಳಗಿನ ಸುಮಾರು ನಾಲ್ಕೂವರೆ. ಅದೂ ಮದುವೆ ಮುಗಿಸಿ, ನೂರಾರು ಜನರ ಜೊತೆ ನಕ್ಕು ನಿಂತು, ನಿದ್ದೆಗೆಟ್ಟು, ವಿಮಾನದಲ್ಲಿ ಸೊಂಟ ಹಿಡಿಸಿಕೊಂಡು ಬಂದ ಮೇಲೆ. ಹೊಸ ಗಡಿಯಾರಕ್ಕೆ ಮೈ ಒಗ್ಗೋದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ಪಶ್ಚಿಮದ ಕಡೆ ಹೋಗುವಾಗ ಸ್ವಲ್ಪ ಬೇಗ ಒಗ್ಗುತ್ತದೆ ನಿಜ. ಆದರೂ ನೀವು ಅಲ್ಲಿಗೆ ಪೂರ್ತಿ ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಹೊರಡುವ ದಿನ ಬಂದಿರುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಊಟವನ್ನು ಪ್ರೀತಿಸುವವರು ಇದನ್ನು ಖಂಡಿತ ಒಪ್ಪುತ್ತಾರೆ. ನಿದ್ದೆಗಣ್ಣಿನಲ್ಲಿ ತಿಂದ ಒಳ್ಳೆ ಊಟಕ್ಕೆ ರುಚಿ ಎಲ್ಲಿಂದ ಬರಬೇಕು?

18ನೇ ಶತಮಾನದ ಪ್ಯಾರಿಸ್‌ನಲ್ಲಿ ರೆಸ್ಟೋರೆಂಟ್ ಅನ್ನೋದು ಮೊದಲಿಗೆ ಒಂದು ಜಾಗದ ಹೆಸರಾಗಿರಲಿಲ್ಲ. ಸೋತ ಮೈಗೆ ಚೇತರಿಕೆ ಕೊಡುವ ಸೂಪ್‌ಗೆ ಹಾಗೆ ಕರೆಯುತ್ತಿದ್ದರು. ಅದನ್ನು ಮಾರುವ ಅಂಗಡಿಗೆ ಆ ಹೆಸರು ಬಂದದ್ದು ಆಮೇಲೆ. ನಿಮ್ಮ ಮೊದಲ ರಾತ್ರಿಗೆ ಬೇಕಾದ ರೆಸ್ಟೋರೆಂಟ್ ಆ ಹಳೇ ಅರ್ಥದ್ದು. ಉಳಿದುಕೊಂಡ ಹೋಟೆಲಿನಿಂದ ಹತ್ತು ನಿಮಿಷದ ನಡಿಗೆ, ಬಿಸಿಯಾಗಿ ಏನೋ ಒಂದು, ಏಳು ಗಂಟೆಗೆ ಊಟ, ಒಂಬತ್ತಕ್ಕೆ ನಿದ್ದೆ.

ಆ ಸ್ಟಾರ್ ಇರುವ ಜಾಗವನ್ನು ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅದು ಅವರ ಆಸೆ, ಆ ಆಸೆಗೆ ಒಂದು ಜಾಗ ಇರಲಿ. ಆದರೆ ದಿನ ಬದಲಾಯಿಸಿ, ಹೊತ್ತನ್ನೂ ಬದಲಾಯಿಸಿ. ಮೂರನೇ ದಿನ ಮಧ್ಯಾಹ್ನಕ್ಕೆ ಹಾಕಿ. ಇಂಥ ಎಷ್ಟೋ ಕಡೆ ಮಧ್ಯಾಹ್ನದ ಮೆನು ಚಿಕ್ಕದಿರುತ್ತದೆ. ಹತ್ತರ ಬದಲು ಮೂರೋ ನಾಲ್ಕೋ ಕೋರ್ಸ್, ದುಡ್ಡೂ ಕಡಿಮೆ. ಅಡುಗೆಮನೆ ಅದೇ, ಕೈಗಳೂ ಅವೇ. ಬೆಳಕಿರುತ್ತದೆ, ನಿಮಗೆ ಎಚ್ಚರ ಇರುತ್ತದೆ, ಊಟ ಆದ ಮೇಲೆ ಇಬ್ಬರೂ ನಿಧಾನವಾಗಿ ಓಡಾಡಬಹುದು. ಆ ರಾತ್ರಿ ಇನ್ನೊಂದು ದೊಡ್ಡ ಊಟದ ಗೊಡವೆಯೇ ಇರುವುದಿಲ್ಲ. ಎರಡನೇ ಟೇಸ್ಟಿಂಗ್ ಮೆನು ಮಾತ್ರ ಬೇಡ. ನಾಲ್ಕು ದಿನದಲ್ಲಿ ಅಂಥದ್ದು ಎರಡಾದರೆ ಒಂದರ ಸೊಗಸನ್ನು ಇನ್ನೊಂದು ತಿಂದುಹಾಕುತ್ತದೆ.

ನೀವು ಸಸ್ಯಾಹಾರಿ ಅನ್ನೋದನ್ನು ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಬೇಕು. ಬಂದಿದ್ದು ಹನಿಮೂನ್‌ಗೆ ಅಂತಲೂ ಬರೆಯಿರಿ, ಒಳ್ಳೆ ಮೂಲೆಯ ಟೇಬಲ್ ಸಿಕ್ಕರೂ ಸಿಗಬಹುದು. ಟೇಸ್ಟಿಂಗ್ ಮೆನು ಇರುವ ಕಡೆ ಸಾಮಾನ್ಯವಾಗಿ ಟೇಬಲಿನಲ್ಲಿರುವ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಅಡುಗೆಯವರಿಗೆ ಮುಂಚೆ ಗೊತ್ತಿದ್ದರೆ ನಿಮಗಾಗಿ ಬೇರೆ ಸಿದ್ಧ ಮಾಡುತ್ತಾರೆ. ಕೂತ ಮೇಲೆ ಹೇಳಿದರೆ, ನಿಮ್ಮ ಹುಡುಗನಿಗೆ ಕೊಟ್ಟ ತಟ್ಟೆಯಲ್ಲಿ ಮುಖ್ಯವಾದದ್ದನ್ನು ತೆಗೆದು ಉಳಿದದ್ದನ್ನು ನಿಮ್ಮ ಮುಂದಿಡುವ ಹಾಗೆ ಆಗುತ್ತದೆ. ಹೀಗೆ ಅರ್ಧ ತಟ್ಟೆ ತಿಂದು ಪೂರ್ತಿ ಬಿಲ್ ಕಟ್ಟಿದವರನ್ನು ನಾನು ನೋಡಿದ್ದೇನೆ.

ಸ್ಟಾರ್ ಅಂದರೆ ಏನು ಅಂತಲೂ ನಿಮಗೆ ಗೊತ್ತಿದ್ದರೆ ಒಳ್ಳೇದು, ಅರ್ಧ ಅಳುಕು ಅಲ್ಲೇ ಹೋಗುತ್ತದೆ. ಮಿಶೆಲಿನ್ ಒಂದು ಟಯರ್ ಕಂಪನಿ. ಕಾರು ಓಡಿಸುವವರಿಗೆ ಅಂತ 1900ರಲ್ಲಿ ಒಂದು ಕೈಪಿಡಿ ತಂದರು, ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡೋದು ಶುರುವಾಗಿದ್ದು 1926ರಲ್ಲಿ. ಗುರುತು ಹೇಳದೆ ಬಂದು, ಉಂಡು, ಬಿಲ್ ಕೊಟ್ಟು ಹೋಗುವ ಪರೀಕ್ಷಕರು ಅದನ್ನು ತೀರ್ಮಾನಿಸುತ್ತಾರೆ. ಸ್ಟಾರ್ ಸಿಗೋದು ತಟ್ಟೆಯಲ್ಲಿರುವ ಅಡುಗೆಗೆ ಮಾತ್ರ. ಅಲಂಕಾರಕ್ಕೂ ಇಲ್ಲ, ಬಡಿಸುವ ಠೀವಿಗೂ ಇಲ್ಲ. ಮೂರು ಸ್ಟಾರ್ ಇದ್ದರೆ, ಇದಕ್ಕಾಗಿಯೇ ಪ್ರವಾಸ ಮಾಡಬಹುದು ಅಂತ ಅರ್ಥ. ನೀವಿಬ್ಬರು ಹೊರಟಿರೋದು ಊಟಕ್ಕಾಗಿ ಅಲ್ಲವಲ್ಲ. ಎದುರು ಬದುರು ಕೂತರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದಾ, ಟೇಬಲುಗಳು ಎಷ್ಟು ಹತ್ತಿರ ಇವೆ, ನಿಧಾನವಾಗಿ ಕೂತಿರಲು ಬಿಡುತ್ತಾರಾ, ಇದ್ಯಾವುದನ್ನೂ ಸ್ಟಾರ್ ಹೇಳುವುದಿಲ್ಲ.

ನನಗೆ ಕೇಳಿದರೆ ಹನಿಮೂನ್‌ಗೆ ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಸದ್ದು. ಇಬ್ಬರು ಆರಾಮಾಗಿ ಮಾತಾಡುವಾಗ ಸುಮಾರು 60 ಡೆಸಿಬೆಲ್ ಇರುತ್ತದೆ. ಜನ ತುಂಬಿದ ರೆಸ್ಟೋರೆಂಟ್ 80 ದಾಟೋದು ಏನೂ ಅಪರೂಪ ಅಲ್ಲ. ಸುತ್ತ ಗಲಾಟೆ ಇದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಎತಿಯೆನ್ ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯರು 1911ರಲ್ಲೇ ಇದನ್ನು ಗುರುತಿಸಿದ್ದರು. ಒಂದು ಟೇಬಲಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಹಾಗೇ ಎಲ್ಲರೂ ಕೂಗುತ್ತಾ ಹೋಗುತ್ತಾರೆ. ಮದುವೆಯಾದ ಮೂರನೇ ದಿನ ನಿಮ್ಮವರ ಕಿವಿಗೆ ಮೆಲ್ಲಗೆ ಏನೋ ಹೇಳಬೇಕು ಅನ್ನಿಸಿದಾಗ 'ಏನು? ಏನಂದೆ?' ಅಂತ ಕೇಳಿಸಿಕೊಳ್ಳುವುದು ಬೇಡ. ರಿವ್ಯೂ ಓದುವಾಗ ಐದು ಸ್ಟಾರ್ ಕೊಟ್ಟವರನ್ನೂ ಒಂದು ಸ್ಟಾರ್ ಕೊಟ್ಟವರನ್ನೂ ಬಿಟ್ಟು ಮೂರು, ನಾಲ್ಕು ಕೊಟ್ಟವರನ್ನು ಓದಿ. ಗಲಾಟೆ, ಗಡಿಬಿಡಿ, ಇಕ್ಕಟ್ಟು ಅನ್ನುವ ಮಾತು ಅಲ್ಲೇ ಸಿಗುತ್ತದೆ.

ಈಗ ನಿಮ್ಮ ಹುಡುಗನ ಬಗ್ಗೆ ಒಂದು ಮಾತು. ರಾತ್ರಿಯೆಲ್ಲ ರಿವ್ಯೂ ಓದುವವರು ಸಾಮಾನ್ಯವಾಗಿ ಊಟಕ್ಕಿಂತ ಹೆಚ್ಚಾಗಿ ತಪ್ಪಿಗೆ ಹೆದರುತ್ತಾರೆ. ಇರೋದು ನಾಲ್ಕೇ ದಿನ, ಒಂದೂ ಕೆಡಬಾರದು, ಇವಳಿಗೆ ಬೇಜಾರಾಗಬಾರದು ಅಂತ. ಹರ್ಬರ್ಟ್ ಸೈಮನ್ ಅನ್ನುವ ವಿದ್ವಾಂಸರು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, 1950ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಇರುವ ಎಲ್ಲದರಲ್ಲೂ ಅತ್ಯುತ್ತಮವಾದದ್ದನ್ನು ಹುಡುಕುವಷ್ಟು ಸಮಯವೂ ಶಕ್ತಿಯೂ ಮನುಷ್ಯನಿಗೆ ಇಲ್ಲ. ನಮಗೆ ಬೇಕಾದ್ದು ಇಷ್ಟು ಅಂತ ಮೊದಲೇ ಗೆರೆ ಎಳೆದುಕೊಂಡು, ಅದನ್ನು ದಾಟಿದ ಮೊದಲನೆಯದನ್ನು ಆರಿಸಿಕೊಳ್ಳುತ್ತೇವೆ. ನೀವೂ ಅದೇ ಮಾಡಿ. ಆ ಗೆರೆಯನ್ನು ಇಬ್ಬರೂ ಸೇರಿ ಎಳೆಯಿರಿ. ನಡೆದು ಹೋಗುವಷ್ಟು ದೂರ, ನಿಮಗೆ ತಿನ್ನಲು ಎರಡು ಮೂರು ಬಗೆ, ಅವರಿಗೆ ಹೊಸ ರುಚಿ ಒಂದಾದರೂ, ಮಾತು ಕೇಳುವ ಜಾಗ. ಇಷ್ಟಿದ್ದರೆ ಸಾಕು, ಹುಡುಕಾಟ ನಿಲ್ಲಿಸಿ. ಅವರು ಮಾಡಿದ ಪಟ್ಟಿ ಹಾಳಾಗುವುದಿಲ್ಲ. ಅದನ್ನೆಲ್ಲ ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಸಿ. ಎಲ್ಲಿ ಹಸಿವಾದರೂ ಹತ್ತಿರದಲ್ಲಿ ಅವರೇ ಆರಿಸಿದ ಜಾಗ ಒಂದು ಇರುತ್ತದೆ. 'ಇಲ್ಲೇ ಪಕ್ಕದಲ್ಲಿ ಒಂದಿದೆ, ಬಾ' ಅಂತ ಕರೆದುಕೊಂಡು ಹೋಗುವ ಖುಷಿ ಅವರಿಗೇ ಸಿಗಲಿ.

ಏಳರಲ್ಲಿ ಎರಡು ಬುಕಿಂಗ್ ಉಳಿಸಿಕೊಳ್ಳಿ. ಮೂರನೇ ದಿನದ ಮಧ್ಯಾಹ್ನ ಒಂದು, ಕೊನೆಯ ರಾತ್ರಿ ಒಂದು. ನಡುವೆ ಶನಿವಾರ ರಾತ್ರಿ ಬಂದರೆ ಅದಕ್ಕೂ ಒಂದು ಟೇಬಲ್ ಇರಲಿ, ದೊಡ್ಡ ನಗರಗಳಲ್ಲಿ ಆ ರಾತ್ರಿ ಬುಕಿಂಗ್ ಇಲ್ಲದೆ ಹೋದರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಭಾನುವಾರ, ಸೋಮವಾರ ರಜೆ ಇರುವ ಕಡೆಗಳೂ ಇವೆ, ನೋಡಿಕೊಳ್ಳಿ. ಕ್ಯಾನ್ಸಲ್ ಮಾಡುವ ಮುಂಚೆ ಪ್ರತಿ ಬುಕಿಂಗಿನ ಷರತ್ತು ಓದಿ. ಕೆಲವರು ಕಾರ್ಡ್ ನಂಬರ್ ಇಟ್ಟುಕೊಂಡು, ಗಡುವು ದಾಟಿದ ಮೇಲೆ ತಲೆಗಿಷ್ಟು ಅಂತ ಹಿಡಿಯುತ್ತಾರೆ. ಟೇಸ್ಟಿಂಗ್ ಮೆನುಗೆ ಪೂರ್ತಿ ದುಡ್ಡು ಮೊದಲೇ ಕಟ್ಟಿಸಿಕೊಂಡಿದ್ದರೆ ವಾಪಸ್ ಕೊಡದಿರಬಹುದು, ಆದರೆ ದಿನ ಬದಲಿಸಿ ಕೊಡಿ ಅಂತ ಈಗಲೇ ಕೇಳಿದರೆ ಒಪ್ಪುವವರೂ ಇದ್ದಾರೆ.

ಕೊನೆಯ ರಾತ್ರಿಯದನ್ನು ಯಾಕೆ ಉಳಿಸಿಕೊಳ್ಳಿ ಅಂದೆ ಗೊತ್ತಾ? ಒಂದು ಅನುಭವದಲ್ಲಿ ನಮಗೆ ಹೆಚ್ಚು ನೆನಪಿರೋದು ಅದರ ತುತ್ತತುದಿಯ ಕ್ಷಣ ಮತ್ತು ಅದು ಮುಗಿದ ರೀತಿ ಅಂತ ಡೇನಿಯಲ್ ಕಾನೆಮನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 1993ರ ಪ್ರಯೋಗಗಳಲ್ಲಿ ಕಂಡುಕೊಂಡರು. ಕೊನೆಯ ರಾತ್ರಿ ಊರಿನ ಇನ್ನೊಂದು ತುದಿಗೆ ಹೋಗಿ, ಟ್ರಾಫಿಕ್‌ನಲ್ಲಿ ಸಿಕ್ಕಿ, ಹನ್ನೊಂದೂವರೆಗೆ ಬಂದು ಪೆಟ್ಟಿಗೆ ಕಟ್ಟುವ ಹಾಗೆ ಆಗಬಾರದು. ಪೆಟ್ಟಿಗೆ ಮೊದಲೇ ಕಟ್ಟಿಟ್ಟು ಹತ್ತಿರದಲ್ಲೇ ಹೋಗಿ ಕೂತುಕೊಳ್ಳಿ.

ನಾನೂ ನನ್ನ ಗಂಡನೂ ಇಂಥದೇ ಒಂದು ಪ್ರವಾಸ ಮಾಡಿದ್ದೆವು. ಒಂದು ರಾತ್ರಿ ದೊಡ್ಡ ಹೆಸರಿನ ಜಾಗದಲ್ಲಿ ಕೂತಿದ್ದೆವು. ದಿನವಿಡೀ ನಡೆದು ಕಾಲು ಬಿದ್ದುಹೋಗಿತ್ತು, ಒಬ್ಬರ ಮುಖ ಒಬ್ಬರು ನೋಡದೆ ಎರಡೂವರೆ ಗಂಟೆ ಕಳೆದೆವು. ಅಲ್ಲಿ ಏನು ತಿಂದೆ ಅಂತ ನನಗೆ ನೆನಪೇ ಇಲ್ಲ. ಮಾರನೇ ದಿನ ಹೋಟೆಲ್ ಪಕ್ಕದ ಓಣಿಯಲ್ಲಿ ಆರೇ ಟೇಬಲಿನ ಒಂದು ಜಾಗ ಸಿಕ್ಕಿತು. ಅದರ ಮರುದಿನವೂ ಅಲ್ಲಿಗೇ ಹೋದೆವು. ಬಡಿಸುವವರು ನಮ್ಮನ್ನು ಗುರುತು ಹಿಡಿದು, ಕೇಳದೆಯೇ ಅದೇ ಕಿಟಕಿ ಪಕ್ಕದ ಟೇಬಲ್ ತೋರಿಸಿದರು. ಯಾರೂ ಗೊತ್ತಿಲ್ಲದ ನಗರದಲ್ಲಿ ನಾವಿಬ್ಬರು ಒಂದು ಜೋಡಿ ಅಂತ ಮೊದಲು ಗುರುತಿಸಿದ್ದು ಅವರೇ. ಹಾಗಾಗಿ, ಒಂದು ಜಾಗ ಹಿಡಿಸಿದರೆ ಎರಡನೇ ಸಲ ಹೋಗೋಕೆ ಯೋಚಿಸಬೇಡಿ.

ಇನ್ನು ಆ ಮೂರನೇ ವಿಷಯ, ಅಳುಕು. ಚಮಚ, ಫೋರ್ಕ್ ಹೊರಗಡೆಯದರಿಂದ ಶುರು ಮಾಡಿ ಒಳಗೆ ಬಂದರೆ ಆಯಿತು. ಗೊತ್ತಾಗದಿದ್ದರೆ ವೇಟರನ್ನೇ ಕೇಳಿ, ಹೇಳೋದು ಅವರ ಕೆಲಸ. ಆದರೆ ನಿಮ್ಮ ಭಯ ಚಮಚದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಅವರ ಎದುರು ಚಿಕ್ಕವಳಾಗಿ ಕಂಡುಬಿಟ್ಟರೆ ಅನ್ನುವ ಭಯ ಅದು. ಅದನ್ನು ಹಾಗೆಯೇ ಹೇಳಿ. 'ನೀನು ನನಗೋಸ್ಕರ ಎಷ್ಟು ಹುಡುಕಿದ್ದೀಯ ಅಂತ ನೋಡಿದೆ. ಒಂದು ದೊಡ್ಡ ಜಾಗಕ್ಕೆ ನಿನ್ನ ಜೊತೆ ಬರ್ತೀನಿ, ಆಸೆಯಿಂದಲೇ ಬರ್ತೀನಿ. ಆದರೆ ಅಂಥ ಕಡೆ ನನಗೆ ಮುಜುಗರ ಆಗುತ್ತೆ, ಆಗ ನೀನು ನನ್ನ ಕಡೆ ನೋಡ್ತಿರು. ಉಳಿದ ಹೊತ್ತು ನಡೀತಾ ಹೋಗೋಣ, ಹಸಿವಾದ ಕಡೆ ಕೂರೋಣ.' ಇಷ್ಟೇ ಸಾಕು. ಇದನ್ನು ಮೆಸೇಜಿನಲ್ಲಿ ಬರೆಯಬೇಡಿ, ಎದುರು ಕೂತು ಹೇಳಿ. ಅವರ ಮುಖ ಸ್ವಲ್ಪ ಬಾಡಬಹುದು, ಒಂದು ದಿನ ಸುಮ್ಮನಿರಬಹುದು. ಎರಡು ತಿಂಗಳು ಕೂತು ಮಾಡಿದ ಕೆಲಸ ಅದು, ಅಷ್ಟು ಬೇಜಾರಿಗೆ ಜಾಗ ಕೊಡಿ. ನೀವು ಸಮಾಧಾನ ಮಾಡುವ ಗಡಿಬಿಡಿಯಲ್ಲಿ 'ಬಿಡು, ಎಲ್ಲಾ ಇರಲಿ' ಅಂತ ಹಿಂದೆ ಸರಿಯಬೇಡಿ. ಮರುದಿನ ಫೋನ್ ತೆಗೆದು, ಮ್ಯಾಪಿನಲ್ಲಿ ಮೊದಲ ಗುರುತನ್ನು ಹಾಕಿಕೊಡು ಅಂತ ನೀವೇ ಕೇಳಿ.