ಅತಿಥಿಗಳು ಕೇಬಲ್ ಚುಚ್ಚಿದರೆ ಬಿಲ್ಲಿಂಗ್ ಕಂಪ್ಯೂಟರ್ ಕಾಣದಂತೆ ಮಾಡುವುದು ಹೇಗೆ?

ಮಡಿಕೇರಿಯ ಒಂದು ಹೋಂಸ್ಟೇ ಅಂದುಕೊಳ್ಳಿ, ರೂಮಿಗೊಂದು ನೆಟ್‌ವರ್ಕ್ ಪೋರ್ಟ್ (ಕೇಬಲ್ ಚುಚ್ಚುವ ಜಾಗ) ಇರುತ್ತೆ ಅಲ್ವಾ? ಇದಕ್ಕೆ 802.1ಎಕ್ಸ್ ಬೇಕು, ಅಂದರೆ ಕೇಬಲ್ ಚುಚ್ಚಿದವರ ಲಾಗಿನ್ ನೋಡಿ ಒಳಬಿಡುವ ಪದ್ಧತಿ. ಲಾಗಿನ್ ಸರಿಯಿದೆ ಎಂದು ರೇಡಿಯಸ್ ಸರ್ವರ್ (ಲಾಗಿನ್ ಪರೀಕ್ಷಿಸುವ ಸರ್ವರ್) ಹೇಳುವ ತನಕ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಆ ಪೋರ್ಟನ್ನು ತೆರೆಯುವುದಿಲ್ಲ.

ಮೊದಲು ಸ್ವಿಚ್‌ನಲ್ಲಿ ಸರ್ವರ್‌ನ ಐಪಿ, ಯುಡಿಪಿ ಪೋರ್ಟ್ ಸಂಖ್ಯೆ 1812 ಮತ್ತು ಸ್ವಿಚ್, ಸರ್ವರ್ ಎರಡಕ್ಕೂ ಗೊತ್ತಿರುವ ಗುಟ್ಟಿನ ಕೀ ಕೊಡಿ. ಆಮೇಲೆ 802.1ಎಕ್ಸ್ ಆನ್ ಮಾಡಿ, ರೂಮಿನ ಪೋರ್ಟ್‌ಗಳನ್ನು 'ಆಟೋ'ದಲ್ಲಿಡಿ (ಲಾಗಿನ್ ಸರಿಯಾದರೆ ಮಾತ್ರ ತೆರೆಯುತ್ತದೆ). ಲಾಗಿನ್ ಇಲ್ಲದವರು ಗೆಸ್ಟ್ ವಿಲ್ಯಾನ್‌ಗೆ (ಅದೇ ಸ್ವಿಚ್‌ನಲ್ಲಿ ಅತಿಥಿಗಳಿಗೆಂದು ಬೇರ್ಪಡಿಸಿದ ನೆಟ್‌ವರ್ಕ್) ಹೋಗಲಿ; ಅಲ್ಲಿಂದ ಬಿಲ್ಲಿಂಗ್ ಕಡೆಗೆ ದಾರಿಯನ್ನು ಎಸಿಎಲ್‌ನಲ್ಲಿ (ಯಾರು ಎಲ್ಲಿಗೆ ಹೋಗಬಹುದು ಎಂಬ ನಿಯಮಗಳ ಪಟ್ಟಿ) ಮುಚ್ಚಿ. ಸ್ವಿಚ್ಚನ್ನು ಉಳಿದ ನೆಟ್‌ವರ್ಕ್‌ಗೆ ಜೋಡಿಸುವ ಅಪ್‌ಲಿಂಕ್ ಪೋರ್ಟ್ ಮಾತ್ರ ಮುಟ್ಟಬೇಡಿ, ನೀವೇ ಹೊರಗೆ ಉಳಿದುಬಿಡುತ್ತೀರಿ!

ಹಳೇ ಪ್ರಿಂಟರ್, ಕ್ಯಾಮೆರಾಗಳಿಗೆ ಲಾಗಿನ್ ಮಾಡಲು ಬರುವುದಿಲ್ಲ. ಅವುಗಳ ಮ್ಯಾಕ್ ವಿಳಾಸ (ಪ್ರತಿ ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡಬಹುದು. ಆದರೆ ಅದನ್ನು ನಕಲು ಮಾಡುವುದು ಸುಲಭ, ಹಾಗಾಗಿ ಅವಕ್ಕೂ ಬೇರೆ ವಿಲ್ಯಾನ್ ಕೊಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕತೆ ಗೊತ್ತಲ್ಲ, ಸರ್ವರ್‌ಗೂ ಯುಪಿಎಸ್ ಇರಲಿ.