ನರಿಯೂ ಹುಲಿಯೇ: ಕಾಸರಗೋಡಿನಲ್ಲಿ ಗೋವಿನ ಹಾಡು

ಗೋವಿನ ಹಾಡಿಗೆ ತುಳು, ಮಲಯಾಳ ಬೆರೆಸಿ ಪಾಠ ಮಾಡಿದರೆ ಮಕ್ಕಳ ಕನ್ನಡ ಕೆಡುವುದಿಲ್ಲವೇ ಎಂದು ಕೇಳಿದ್ದೀರಿ. ಕೆಡುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೆಲ್ಲ ಮನೆಯಲ್ಲೂ ಕನ್ನಡ ಆಡುವವರು ಎಂದುಕೊಳ್ಳಬೇಡಿ. ಒಬ್ಬಳ ಮನೆಯಲ್ಲಿ ತುಳು, ಪಕ್ಕದವನದು ಮಲಯಾಳ, ಹಿಂದಿನ ಬೆಂಚಿನಲ್ಲಿ ಬ್ಯಾರಿ, ಕೊಂಕಣಿ, ಮರಾಠಿ. ಹವ್ಯಕರ ಮನೆಮಾತು ಕನ್ನಡವೇ ಆದರೂ ಪಾಠಪುಸ್ತಕದ ಕನ್ನಡವಲ್ಲ.

ಹಾಗಾಗಿ ನಾನು ಅರ್ಥಕ್ಕೆ ಮೊದಲು ತಾಳ ಹಾಕಿಸುತ್ತೇನೆ. ತಕಿಟ ತಕದಿಮಿ, ತಕಿಟ ತಕದಿಮಿ. ಮೂರು ಮಾತ್ರೆ, ನಾಲ್ಕು ಮಾತ್ರೆ. ಯಕ್ಷಗಾನದ ಚೆಂಡೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಹುಲಿ ಅಡ್ಡಗಟ್ಟುವಲ್ಲಿಗೆ ಬಂದಾಗ ಹಾಡು ನಿಲ್ಲಿಸಿ, "ಈ ಕತೆಯನ್ನು ಮನೆಯಲ್ಲಿ ಅಜ್ಜಿಗೆ ಹೇಗೆ ಹೇಳುತ್ತೀರಿ?" ಎಂದು ಕೇಳುತ್ತೇನೆ.

ಒಂದು ವರ್ಷ ತುಳು ಮನೆಯ ಹುಡುಗಿ ಎದ್ದು ಹಸುವಿನ ಮಾತನ್ನು "ಕಂಜಿಗ್ ಪೇರ್ ಕೊರ್ದು ಬರ್ಪೆ" ಎಂದಳು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ, ಅಷ್ಟೇ. ಆ ಹಸುವಿನ ಅಂಗಲಾಚಿಕೆಯೆಲ್ಲ ಅಷ್ಟರಲ್ಲೇ ಇತ್ತು. ಆಮೇಲೆ ಮಲಯಾಳ ಮನೆಯ ಹುಡುಗನೊಬ್ಬ ಹೇಳಿದ: "ಹಸುವನ್ನು ತಿನ್ನಲಿಕ್ಕೆ ನರಿ ಬಂತು."

ತರಗತಿ ಗೊಳ್ಳೆಂದು ನಕ್ಕಿತು. ನರಿ ಹಸುವನ್ನು ತಿನ್ನುತ್ತದಾ! ಹುಡುಗನ ಕಿವಿ ಕೆಂಪಗಾಯಿತು. ಅವನು ಹೇಳಿದ್ದು ಸರಿಯೇ. ಈ ಕಡೆಯ ಮಲಯಾಳದಲ್ಲಿ ನರಿ ಎಂದರೆ ಹುಲಿ. ಇದನ್ನು ನಾನು ಮೊದಲೇ ಹೇಳಿಟ್ಟಿರಬೇಕಿತ್ತು, ಆ ನಗು ತಪ್ಪುತ್ತಿತ್ತು. ಕೂಡಲೇ ಬೋರ್ಡಿನಲ್ಲಿ ಕನ್ನಡದ ಹುಲಿ, ತುಳುವಿನ ಪಿಲಿ, ಮಲಯಾಳದ ನರಿ ಎಂದು ಬರೆದು ಹಳಗನ್ನಡದ 'ಪುಲಿ'ಯನ್ನೂ ಪಕ್ಕಕ್ಕಿಟ್ಟೆ. ಪಕಾರ ಹಕಾರವಾದ ಸಂಗತಿಯನ್ನು ಮಕ್ಕಳೇ ಹಿಡಿದರು. ಹೂವಿಗೆ ಪೂ, ಹೋಗು ಎನ್ನುವುದಕ್ಕೆ ಪೋ ಎಂದು ಒಬ್ಬೊಬ್ಬರೇ ಸೇರಿಸುತ್ತ ಹೋದರು. ನಕ್ಕವರೇ ಆ ಹುಡುಗನ ಹತ್ತಿರ ಹೋಗಿ ಇನ್ನೂ ಮಲಯಾಳ ಶಬ್ದ ಕೇಳಿದರು. ಹಳಗನ್ನಡವನ್ನು ಇಷ್ಟು ಸಲೀಸಾಗಿ ಕಲಿಸುವ ದಾರಿ ನನಗೆ ಬೇರೆ ಗೊತ್ತಿಲ್ಲ.

ಹಾಡು ಶುರುವಾಗುವುದೇ ಕರ್ಣಾಟ ದೇಶದ ಹೆಸರಿನಿಂದ. "ನಾವು ಕೇರಳದಲ್ಲಿ ಅಲ್ಲವಾ ಟೀಚರೇ?" ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಅದಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, ಈ ಹಾಡು ಅದಕ್ಕೂ ಎಷ್ಟೋ ಹಿಂದಿನದು ಎಂದು ಹೇಳುತ್ತೇನೆ. ಹೇಳುವಾಗ ನನಗೂ ಗಂಟಲು ಕಟ್ಟುತ್ತದೆ.

ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದು ನಿಮಗೆ ಗೊತ್ತಿದೆ. ಬೇರೆ ಊರಿನ ಮಕ್ಕಳು ಅಲ್ಲಿ ಅಳುತ್ತಾರಂತೆ. ನಮ್ಮ ಮಕ್ಕಳು ಹುಲಿ ದೈವ ಪಿಲಿಚಾಮುಂಡಿಗೆ ಕೈಮುಗಿದು ಬಂದವರು, ಅಜ್ಜಿ ನಾಟಿ ಗದ್ದೆಯಲ್ಲಿ ಹಾಡುವ ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಕೇಳಿದವರು. ಪಾಡ್ದನದಲ್ಲಿ ವೀರರು ಸತ್ತು ಮುಗಿಯುವುದಿಲ್ಲ, ಮಾಯಕ್ಕೆ ಸಂದು, ಅಂದರೆ ಕಣ್ಮರೆಯಾಗಿ, ದೈವವಾಗುತ್ತಾರೆ. ಆ ದಿನ ಹುಲಿ ಸತ್ತಿತು ಎಂದು ನಾನು ಪುಸ್ತಕ ಮುಚ್ಚುವಾಗ ಅದೇ ತುಳು ಹುಡುಗಿ ಕೈ ಎತ್ತಿದಳು.

"ಅದು ಸತ್ತದ್ದಲ್ಲ ಟೀಚರೇ, ಮಾಯ ಆದದ್ದು."

ನಾನು ತಿದ್ದಲಿಲ್ಲ.